ಕಡಲ ಬಸವನಹುಳುಗಳನ್ನು ಹಸನು ಮಾಡಿದ್ದು

ಈ ಸಂಗತಿ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಚಹಾ ನೆನಪಾಗುತ್ತದೆ, ಇಲ್ಲವೆ ಕನ್ನಡಕ ಒರೆಸಬೇಕೆನಿಸುತ್ತದೆ. ಒರೆಸಿ ಒರೆಸಿ ಏಳು ವರ್ಷ ಕಳೆದವು. ತಪ್ಪು ಮಾಡಲು ಮಾತ್ರ ಒಂದು ಮಧ್ಯಾಹ್ನ ಸಾಕಾಗಿತ್ತು.

ಹಿಮಾಯತ್‌ನಗರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಅಟೆಂಡರ್ ಆಗಿದ್ದೆ. ಓದಿದ್ದು ಹೈಸ್ಕೂಲು, ಆದರೆ ಬೀರುವಿನ ಕೀಲಿ ನನ್ನ ಸೊಂಟದಲ್ಲಿದ್ದುದರಿಂದ ಡಾಕ್ಟರೇಟ್ ನನಗೇ ಬಂದಂತೆ ಓಡಾಡುತ್ತಿದ್ದೆ. ಕಡಲೇ ಇಲ್ಲದ ಹೈದರಾಬಾದಿನಲ್ಲಿ ಕೂತು ನಮ್ಮ ಮೇಡಂ ಒಬ್ಬರು ಕಡಲ ಬಸವನಹುಳುಗಳನ್ನು ವಿಂಗಡಿಸುತ್ತಿದ್ದರು. ಒಂದೊಂದು ಚಿಪ್ಪೂ ಸಾಸಿವೆಗಿಂತ ತುಸು ದೊಡ್ಡದು. ಮೇಡಂ ಧಾರವಾಡದ ಕಡೆಯವರು; ಇಡೀ ವಿಭಾಗದಲ್ಲಿ ಅವರಿಗೆ ಕನ್ನಡಕ್ಕೆ ಸಿಕ್ಕವನು ನಾನೊಬ್ಬನೇ. "ಎಲ್ಲಾರೂ ಇವು ಒಂದ ಕುಲ ಅಂತಾರ್ರಿ. ಅಲ್ಲ, ಎರಡು ಅದಾವ. ಬಣ್ಣ ನೋಡಬ್ಯಾಡ್ರಿ, ಬಾಯಾಗ ನೋಡ್ರಿ. ಒಂದಕ್ಕ ಹಲ್ಲಿನಂಥಾ ಮಡಿಕಿ ಐತಿ" ಎಂದು ಸೂಕ್ಷ್ಮದರ್ಶಕವನ್ನು ನನ್ನತ್ತ ತಿರುಗಿಸುತ್ತಿದ್ದರು. ಕಂಡಿತೆಂದು ತಲೆಯಾಡಿಸುತ್ತಿದ್ದೆ. ಕಂಡದ್ದು ನನ್ನದೇ ರೆಪ್ಪೆಗೂದಲು.

ಅವರ ಒಂಬತ್ತು ವರ್ಷದ ಕೆಲಸ ನೋಡಲು ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಹಿಂದಿನ ದಿನ ಮೇಡಂ ಊಟಕ್ಕೆ ಹೋದಾಗ, ಸೀಸೆಗಳಿಗೆ ಹೊಸ ಹತ್ತಿ ಹಾಕೋಣವೆಂದು ಚಿಪ್ಪುಗಳನ್ನೆಲ್ಲ ತಟ್ಟೆಗೆ ಸುರಿದೆ. ಸುರಿಯುವಾಗ ನೋಡಿದರೆ ಒಂದೊಂದು ಸೀಸೆಯಲ್ಲೂ ಪಟ್ಟೆಯವೂ ಬೋಳೂ ಬೆರೆತುಹೋಗಿವೆ. ಇಷ್ಟು ಓದಿದವರಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎಂದು ಮರುಗಿದೆ. ಮನೆಯಲ್ಲಿ ತೊಗರಿಬೇಳೆ ಹಸನು ಮಾಡುವವನು ನಾನೇ; ಆ ಕೈಗೆ ಇದು ಯಾವ ಲೆಕ್ಕ? ಪಟ್ಟೆಯವು ಅತ್ತ, ಬೋಳು ಇತ್ತ. ಚೀಟಿಗಳ ಸಮೇತ ಸೀಸೆಗೆ ತುಂಬಿ ಬೀರು ಮುಚ್ಚಿದೆ.

ಮರುದಿನ ಪರೀಕ್ಷಕರು ಒಂದು ಸೀಸೆ ತೆರೆದರು, ಇನ್ನೊಂದು ತೆರೆದರು. ಹಲ್ಲಿದ್ದವೂ ಇಲ್ಲದವೂ ಒಂದೇ ಸೀಸೆಯಲ್ಲಿ. "ಎರಡು ಕುಲ ಅಂತ ಬರೆದವರಿಗೇ ಗುರುತು ಸಿಕ್ಕಿಲ್ಲವಲ್ಲ" ಎಂದು ಪ್ರಬಂಧವನ್ನು ಮಡಚಿಟ್ಟರು.

ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, "ಕಿಸೀನೆ ಹಾಥ್ ಲಗಾಯಾ ಕ್ಯಾ?" ಎಂದರು.

"ನೈ ಸಾಬ್" ಎಂದೆ, ಯಾರೂ ಮುಟ್ಟಿಲ್ಲವೆಂದು.

ವರಾಂಡದಲ್ಲಿ ಮೇಡಂ ಮೆಲ್ಲಗೆ ಕೇಳಿದರು: "ನೀವೇನಾರ ಮುಟ್ಟಿದ್ರೇನ್ರಿ?"

"ಇಲ್ರೀ ಬಾಯಾರ."

"ಹಂಗಾರ ನನ್ನ ಕಣ್ಣ ತಪ್ಪ್ಯಾವು."

ನನ್ನ ಮಾತನ್ನು ಬಿಟ್ಟು ತಮ್ಮ ಕಣ್ಣನ್ನು ಅನುಮಾನಿಸಿದರು. ಆ ತಿಂಗಳೇ ಕೆಲಸ ಬಿಟ್ಟು ಕೂಕಟ್‌ಪಲ್ಲಿಯ ತಮ್ಮ ಫ್ಲಾಟಿನಲ್ಲಿ ಟ್ಯೂಷನ್ ಹೇಳತೊಡಗಿದರು. ಪರೀಕ್ಷಕರು ಹೋಗುವಾಗ, ಬೀರು ಭಾರೀ ಚೊಕ್ಕಟವಾಗಿದೆ ಎಂದು ನನ್ನ ಬೆನ್ನು ತಟ್ಟಿದ್ದರು. ತಟ್ಟಿಸಿಕೊಂಡಿದ್ದೆ.

ಮೊನ್ನೆ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಕಾಲೇಜಿಗೆ ಹೋದಾಗ ಹೊಸ ಉಪನ್ಯಾಸಕಿ ಹೇಳಿದರು: ಆ ಕುಲವನ್ನು ಈಗ ಎರಡಾಗಿ ಒಡೆದಿದ್ದಾರಂತೆ, ಬಾಯೊಳಗಿನ ಮಡಿಕೆ ನೋಡಿ. ಹೊಸ ಕುಲದ ಪಕ್ಕದಲ್ಲಿ ಅದನ್ನು ಗುರುತಿಸಿದವರ ಹೆಸರು ಬರೆಯುವುದು ಪದ್ಧತಿಯಂತೆ. ಬರೆದಿದ್ದಾರೆ, ಯಾರೋ ಪರದೇಶದವರದು.

ಮೇಡಂ ಕೂಕಟ್‌ಪಲ್ಲಿಯಲ್ಲೇ ಇದ್ದಾರೆ. ಮನೆಯ ಹತ್ತಿರಕ್ಕೇ ಮೆಟ್ರೋ ಹೋಗುತ್ತದೆ. ಮೊಣಕಾಲು ನೋವೆಂದು ನಾನು ಹೋಗಿಲ್ಲ. ಅದೇ ಮೊಣಕಾಲಿನಲ್ಲಿ ಹೋದ ತಿಂಗಳು ಮೂರು ಮದುವೆಯೂಟ ಮುಗಿಸಿ ಬಂದಿದ್ದೇನೆ. ಎದುರು ನಿಂತು ಹೇಳುವ ಎದೆಯಿಲ್ಲದೆ ನಿಮ್ಮನ್ನು ನಗಿಸುತ್ತ ಕೂತಿದ್ದೇನೆ. ಆ ಎರಡನೆಯ ಕುಲದ ಪಕ್ಕದಲ್ಲಿ ಇರಬೇಕಾಗಿದ್ದ ಹೆಸರು ವಿಮಲಾ ದೇಸಾಯಿ.