ಹೊನ್ನಾಳಿ ಎಂಬ ಪರದೇಶ

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದೆ ಮೊಳೆ, ಚಿಲಕ, ಛಾವಣಿಯ ಶೀಟು ಮಾರುವ ನನ್ನ ದೊಡ್ಡಪ್ಪ ಒಂದು ಸಾಮ್ರಾಜ್ಯದ ಚಕ್ರವರ್ತಿ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಷ್ಟವೇನಿಲ್ಲ. ಅವರು ನಂಬಿದ್ದಾರೆ, ಅಷ್ಟು ಸಾಕು! ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ದೇಶವಿದೇಶಗಳ ವಿಡಿಯೋ ನೋಡಿ ನೋಡಿ, ನಮ್ಮ ವಂಶದ ಮನೆಗಳನ್ನೆಲ್ಲ ಅವರು ರಾಷ್ಟ್ರಗಳಾಗಿ ವಿಂಗಡಿಸಿಟ್ಟಿದ್ದಾರೆ. ಚನ್ನಗಿರಿ ಕೇಂದ್ರ. ನಮ್ಮಪ್ಪ ಪಾಲು ತೆಗೆದುಕೊಂಡು ನ್ಯಾಮತಿಗೆ ಬಂದದ್ದರಿಂದ ನಾವು ಮಿತ್ರರಾಷ್ಟ್ರ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದಾಗ ದೊಡ್ಡಪ್ಪ ಫೋನ್ ಮಾಡಿ ಸ್ವಾತಂತ್ರ್ಯದ ಶುಭಾಶಯ ಹೇಳಿದ್ದಲ್ಲದೆ, ಬಾವುಟಕ್ಕೆ ಯಾವ ಬಣ್ಣ ಎಂದೂ ವಿಚಾರಿಸಿದ್ದರು.

ಅವರ ತಂಗಿ, ಎಂದರೆ ನನ್ನ ಅತ್ತೆ, ಜಗಳೂರಿನಲ್ಲಿದ್ದಾರೆ. ಆ ಮನೆ ಮಾತ್ರ ಅಧೀನ ಪ್ರದೇಶ. ಯಾಕೆ ಅಂತೀರಾ? ಅದರ ಛಾವಣಿಯ ಶೀಟು ದೊಡ್ಡಪ್ಪನ ಅಂಗಡಿಯದು! ಸೂರು ಕೊಟ್ಟವರಿಗೇ ಸಾರ್ವಭೌಮತ್ವ. ಕುರಿ ವ್ಯಾಪಾರದ ಮಾವ ಇದಕ್ಕೆ ಎಂದೂ ತಕರಾರು ಮಾಡಿಲ್ಲ. ಸಂತೆಯಿಂದ ಸಂತೆಗೆ ಅಲೆಯುವ ಅವರಿಗೆ ತಾವು ಯಾವ ದೇಶದ ಪ್ರಜೆ ಎಂದು ಯೋಚಿಸಲು ಪುರುಸೊತ್ತಿಲ್ಲ.

ಇಂಥ ಸಾಮ್ರಾಜ್ಯಕ್ಕೆ ಒಂದು ಪೆಟ್ಟು ಬಿತ್ತು. ದೊಡ್ಡಪ್ಪನ ಒಬ್ಬಳೇ ಮಗಳು, ನಾನು ಅಕ್ಕ ಎಂದು ಕರೆಯುವವಳು, ತಾನೇ ಮೆಚ್ಚಿದವನನ್ನು ಮದುವೆಯಾಗಿ ಹೊನ್ನಾಳಿಗೆ ಹೋದಳು. ದೊಡ್ಡಪ್ಪ ಮಾತು ಬಿಟ್ಟರು. ನಮ್ಮಲ್ಲಿ ಹಿರಿಯರು ಒಂದು ಮನೆಯ ಜೊತೆ ಮಾತು ಬಿಟ್ಟರೆ ಮಿಕ್ಕ ಮನೆಗಳೂ ಬಿಡಬೇಕು, ಅದು ಕಟ್ಟಳೆ. ನಾವೂ ಬಿಟ್ಟೆವು. ನಮ್ಮಮ್ಮ ಮಾತು ಬಿಟ್ಟಳೇ ಹೊರತು ಉಪ್ಪಿನಕಾಯಿ ಕಳಿಸುವುದನ್ನು ಬಿಡಲಿಲ್ಲ.

ಹೀಗಿರುವಾಗ ಅಕ್ಕ ಬಸುರಿ ಎಂಬ ಸುದ್ದಿ ಬಂತು. ಚಕ್ರವರ್ತಿಗಳಿಗೆ ಊಟ ಸೇರದಾಯಿತು. ಹೇಗಿದ್ದಾಳೆಂದು ಕೇಳಬೇಕು, ಆದರೆ ಬಿಟ್ಟ ಮಾತನ್ನು ಮತ್ತೆ ಎತ್ತಿಕೊಳ್ಳುವುದು ಹೇಗೆ? ಆಗ ಕಣ್ಣಿಗೆ ಬಿತ್ತು ಒಂದು ವಿಡಿಯೋ. ಸಮುದ್ರದ ನಡುವೆ ಪುಟ್ಟ ದ್ವೀಪ. ಅದನ್ನು ಆಳುವುದು ದೂರದ ಒಂದು ದೊಡ್ಡ ದೇಶ. ಫೋನು, ಸಿಗ್ನಲ್ಲುಗಳ ವಿಷಯದಲ್ಲಿ ಪರದೇಶಗಳ ಜೊತೆ ನೀವೇ ಮಾತಾಡಿ ಒಪ್ಪಂದ ಮಾಡಿಕೊಳ್ಳಿ ಎಂದು ದೊಡ್ಡ ದೇಶ ಆ ದ್ವೀಪಕ್ಕೆ ಅಧಿಕಾರ ಕೊಟ್ಟಿತಂತೆ. ದ್ವೀಪ ಕೊಟ್ಟ ಮಾತನ್ನು ದೊಡ್ಡ ದೇಶ ನಡೆಸಿಕೊಡಬೇಕಂತೆ. ಇದನ್ನೆಲ್ಲ ದೊಡ್ಡಪ್ಪ ನಮಗೂ ಅತ್ತೆಗೂ ಫೋನಿನಲ್ಲಿ ವಿವರಿಸಿದಾಗ ನಾನು ಸುಮ್ಮನೆ ಹೂಂಗುಟ್ಟಿದ್ದೆ. ಭಾನುವಾರ ಎಲ್ಲರನ್ನೂ ಚನ್ನಗಿರಿಗೆ ಕರೆಸಿದಾಗಲೇ ವಿಷಯದ ಗಾಂಭೀರ್ಯ ಗೊತ್ತಾದದ್ದು.

ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ಕೈಗೆ ವೀಳ್ಯ ಕೊಟ್ಟು, ದೊಡ್ಡಪ್ಪ ಘೋಷಿಸಿದರು: “ಇವತ್ತಿನಿಂದ ಪರದೇಶದ ಜೊತೆ ಫೋನಿನ ವ್ಯವಹಾರ ಎಲ್ಲಾ ಜಗಳೂರಿಗೆ ವಹಿಸೀನಿ. ಎದುರಾ ಎದುರು ಮಾತಾಡಾಕೆ ಮಾತ್ರ ಅಧಿಕಾರ ಇಲ್ಲ.”

“ನನಗ್ಯಾವ ಪರದೇಶ ಐತೆ ಅಣ್ಣ?” ಎಂದರು ಅತ್ತೆ.

ದೊಡ್ಡಪ್ಪ ಗೋಡೆ ನೋಡುತ್ತ, “ಹೊನ್ನಾಳಿ” ಎಂದರು. ಆ ದಿನ ದೊಡ್ಡಮ್ಮ ಯಾರೂ ಕೇಳದಿದ್ದರೂ ಹೋಳಿಗೆ ಮಾಡಿದರು.

ವ್ಯವಹಾರ ಶುರುವಾಯಿತು. ಪರದೇಶಕ್ಕೆ ಹುಳಿ ತಿನ್ನುವ ಬಯಕೆಯಾಗಿದೆ ಎಂದು ಅಧೀನ ಪ್ರದೇಶ ವರದಿ ಮಾಡಿತು. ದೊಡ್ಡಪ್ಪ ತಕ್ಷಣ ಬುಟ್ಟಿ ತುಂಬ ಮಾವಿನಕಾಯಿ ತಂದರು. ಹೊನ್ನಾಳಿ ಇತ್ತ ಪಕ್ಕದಲ್ಲೇ ಇದೆ. ಆದರೆ ಕೇಂದ್ರ ನೇರವಾಗಿ ಕೊಡುವಂತಿಲ್ಲವಲ್ಲ! ಬುಟ್ಟಿ ದಾವಣಗೆರೆ ಮೇಲೆ ಜಗಳೂರಿಗೆ ಹೋಯಿತು, ಅಲ್ಲಿ ಮಾವ ಸಂತೆಯಿಂದ ಬರುವವರೆಗೆ ಕಾಯಿತು, ಮತ್ತೆ ದಾವಣಗೆರೆ ಮೇಲೆ ಹೊನ್ನಾಳಿಗೆ ಬಂತು. ಹುಳಿ ಬೇಡಿದ ಅಕ್ಕ ಮಾವಿನಹಣ್ಣಿನ ಸೀಕರಣೆ ಮಾಡಿಕೊಂಡಳು.

ಬಸವಾಪಟ್ಟಣದ ಮದುವೆಯೊಂದರಲ್ಲಿ ಇನ್ನೂ ಚೆಂದ. ಊಟದ ಪಂಕ್ತಿಯಲ್ಲಿ ಅತ್ತೆ ಇತ್ತ, ಅಕ್ಕ ಎದುರಿನ ಸಾಲಿನಲ್ಲಿ ಅತ್ತ. ಎದುರಾ ಎದುರು ಮಾತಾಡಲು ಅಧಿಕಾರವಿಲ್ಲ. ಇಬ್ಬರೂ ಎಡಗೈಯಲ್ಲಿ ಫೋನ್ ಹಿಡಿದು, ಒಬ್ಬರ ಮುಖ ಒಬ್ಬರು ನೋಡುತ್ತ, ಹಲೋ ಹಲೋ ಎಂದು ಮಾತಾಡಿದರು. ಪಕ್ಕದಲ್ಲಿದ್ದ ದೊಡ್ಡಪ್ಪ ತಲೆ ತಗ್ಗಿಸಿಕೊಂಡೇ, ಪರದೇಶ ಏನನ್ನುತ್ತದೆ ಎಂದು ಕೇಳಿದರು. ಇನ್ನೊಂದು ಸಲ ಪಾಯಸ ಬೇಕಂತೆ ಎಂದರು ಅತ್ತೆ. ದೊಡ್ಡಪ್ಪ ಬಡಿಸುವವನ ಪಂಚೆ ಹಿಡಿದು ಜಗ್ಗಿ, ಬಕೆಟ್ಟಿನ ಸಮೇತ ಅವನನ್ನು ಎದುರಿನ ಸಾಲಿಗೆ ಅಟ್ಟಿದರು.

ಏಳನೇ ತಿಂಗಳಲ್ಲಿ ಅತ್ತೆ ಚನ್ನಗಿರಿಯ ಅಂಗಡಿಗೆ ಬಂದು ನಿಂತರು. ಬಾಗಿಲಿನ ಚಿಲಕಕ್ಕೆಂದು ಹೋಗಿದ್ದ ನಾನೂ ಅಲ್ಲೇ ಇದ್ದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲವೇ? ಬಾಣಂತನ ಚನ್ನಗಿರಿಯಲ್ಲಿ ಎಂದು ಅತ್ತೆ ಫೋನಿನಲ್ಲಿ ಒಪ್ಪಂದ ಮಾಡಿಕೊಂಡುಬಿಟ್ಟಿದ್ದರು! ಅಕ್ಕನ ಅತ್ತೆಮನೆಯವರದು ಒಂದೇ ಷರತ್ತು. ಅಪ್ಪನೇ ಫೋನ್ ಮಾಡಿ ಕರೆಯಬೇಕು, ಇಲ್ಲವಾದರೆ ಕಳಿಸುವುದಿಲ್ಲ.

ದೊಡ್ಡಪ್ಪ ಕೆಂಡವಾದರು. “ನಾ ಕೊಟ್ಟಿದ್ದು ಫೋನಿನ ಅಧಿಕಾರ. ಬಾಣಂತನ ಒಪ್ಕಣಾಕೆ ನಿನಗ್ಯಾರು ಹೇಳಿದ್ರು?”

“ಮಾತಾಡಿದ್ದು ಫೋನಿನಾಗೇ ಅಲ್ವಾ ಅಣ್ಣ,” ಅತ್ತೆ ಮೆಲ್ಲಗೆ ಹೇಳಿದರು. “ದ್ವೀಪದೋರು ಮಾತು ಕೊಟ್ರೆ ದೊಡ್ಡ ದೇಶ ನಡೆಸಬೇಕು ಅಂತ ನೀನೇ ಹೇಳಿದ್ದೆ. ನಾನು ಮಾತು ಕೊಟ್ಟೀನಿ. ಈಗ ಅವಳು ಕಾಯ್ತಾ ಕುಂತಾಳೆ.”

ದೊಡ್ಡಪ್ಪ ತಕ್ಕಡಿಯಲ್ಲಿದ್ದ ಮೊಳೆಗಳ ಮೇಲೆ ಸುಮ್ಮನೆ ಕೈಯಾಡಿಸಿದರು. ಜಗತ್ತಿನ ಎಲ್ಲ ದೇಶಗಳ ರಾಜಕಾರಣ ಬಲ್ಲ ಮನುಷ್ಯ ಮಗಳ ನಂಬರನ್ನು ಎರಡು ಸಲ ತಪ್ಪಾಗಿ ಒತ್ತಿ, ಮೂರನೇ ಸಲ ಸರಿಯಾಗಿ ಒತ್ತಿದರು. ಅವರ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ಅದನ್ನು ಆರಿಸುವುದು ಅವರಿಗೆ ಬರುವುದಿಲ್ಲ.

“ಹಲೋ, ಚನ್ನಗಿರಿಯಿಂದ,” ಎಂದರು, ಠೀವಿಯಿಂದ.

ಆ ಕಡೆಯಿಂದ ಅಕ್ಕನ ದನಿ, ತುಂಬ ಸಣ್ಣಗೆ: “ಹೇಳ್ರಿ. ಯಾರು ಬೇಕಾಗಿತ್ತು?”

ಒಪ್ಪಂದ, ಷರತ್ತು, ಕೇಂದ್ರ, ಜೋಡಿಸಿಕೊಂಡಿದ್ದ ಎಲ್ಲವನ್ನೂ ದೊಡ್ಡಪ್ಪ ಪಕ್ಕಕ್ಕಿಟ್ಟರು.

“ನೀನೇ ಬೇಕಾಗಿತ್ತು ಕಣವ್ವ,” ಎಂದರು ದೊಡ್ಡಪ್ಪ. “ಮನಿಗೆ ಬಾ.”

ಆಮೇಲೆ ಇಬ್ಬರೂ ಅತ್ತರು. ಅಂಗಡಿಯ ತುಂಬ ಕೇಳಿಸುತ್ತಿತ್ತು. ಮೊಳೆ ಕೊಳ್ಳಲು ಬಂದು ನಿಂತಿದ್ದವರು ಯಾರೂ ಅವಸರ ಮಾಡಲಿಲ್ಲ.