ಬೀಗ ಹಾಕಿ ಬೀಗಿದವರು

ಗಂಡು ಮಗು ಹುಟ್ಟಿತೆಂದು ನರ್ಸಮ್ಮ ಹೊರಗೆ ಬಂದು ಹೇಳಿದಾಗ ಲಿಫ್ಟ್ ಇನ್ಸ್‌ಪೆಕ್ಟರರು ಸಂತೋಷಪಟ್ಟದ್ದೇನೋ ನಿಜ. ಆದರೆ ಆ ಸಂತೋಷ ಆಸ್ಪತ್ರೆಯ ಮೆಟ್ಟಿಲಿಳಿಯುವವರೆಗೂ ಬಾಳಲಿಲ್ಲ. ‘ಇದರಲ್ಲಿ ಹತ್ತಿದವರು ಕ್ಷೇಮವಾಗಿ ಇಳಿಯುತ್ತಾರೆ’ ಎಂದು ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳಿಗೆಲ್ಲ ಸಹಿ ಹಾಕುವುದು ಅವರ ಕಸುಬು. ಅಂಥವರ ಕಣ್ಣಿಗೆ ತಂತಿ ಇರುವುದೇ ತುಂಡಾಗಲಿಕ್ಕೆ, ಬಾಗಿಲು ಇರುವುದೇ ಬೆರಳು ಜಜ್ಜಲಿಕ್ಕೆ. ಈಗ ಆ ಕಣ್ಣು ಮನೆಯ ಮೇಲೆ ಬಿತ್ತು. ಮೇಜಿಗೆ ಮೂಲೆಗಳಿದ್ದವು, ಒಂದಲ್ಲ, ನಾಲ್ಕು. ಗೋಡೆಯ ಪ್ಲಗ್ ಪಾಯಿಂಟುಗಳು ಬಾಯಿ ತೆರೆದುಕೊಂಡು ಪುಟ್ಟ ಬೆರಳುಗಳಿಗಾಗಿ ಕಾದಿದ್ದವು. ಇಷ್ಟು ದಿನ ಕೊಲೆಗಾರರ ನಡುವೆ ಸಂಸಾರ ಮಾಡುತ್ತಿದ್ದೆನಲ್ಲ ಎಂದು ಅವರ ಎದೆ ಝಲ್ಲೆಂದಿತು.

ಹೆಂಡತಿ ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವೂ ನೂರು ಜನರಿಗೆ ಸಮಾಧಾನ ಹೇಳಿ ಅಭ್ಯಾಸವಿದ್ದವಳು. ಮೂರು ತಿಂಗಳಾದರೂ ಗಂಡನ ಭಯ ಇಳಿಯದಿದ್ದಾಗ, ಮಗುವಿಗೆ ಈಗಷ್ಟೇ ಕತ್ತು ನಿಂತಿದೆ, ಮಗ್ಗುಲಾಗುವುದಕ್ಕೂ ಬರುವುದಿಲ್ಲ, ಪ್ಲಗ್ಗಿಗೆ ಬೆರಳಿಡಲು ಅದು ಹೋಗುವುದಾದರೂ ಹೇಗೆ ಎಂದು ಕೇಳಿದಳು. ಬಾಣಂತನಕ್ಕೆ ಬಂದು ಉಳಿದುಕೊಂಡಿದ್ದ ಅತ್ತೆಯೂ ಮಗಳ ಪಕ್ಷ ವಹಿಸಿದರು. ಐದು ಮಕ್ಕಳನ್ನು ಸಾಕಿದ ತಮ್ಮ ಮನೆಯಲ್ಲಿ ಇದ್ದ ಸುರಕ್ಷತಾ ಸಾಧನವೆಂದರೆ ಒಂದು ಗದರಿಕೆ ಮಾತ್ರ ಎಂದರು. ಅಳಿಯಂದಿರು ಇಬ್ಬರನ್ನೂ ಕನಿಕರದಿಂದ ನೋಡಿದರು. (ಕೆಟ್ಟ ಲಿಫ್ಟಿನ ಮಾಲೀಕರನ್ನು ಅವರು ನೋಡುವುದೂ ಹಾಗೆಯೇ.)

ಶನಿವಾರ ಅಂಗಡಿಗೆ ಹೋದರು. ಮಕ್ಕಳ ಸಾಮಾನಿನ ಆ ಅಂಗಡಿಯಲ್ಲಿ ಒಂದಿಡೀ ಗೋಡೆ ಬೀಗ, ಕೊಂಡಿ, ಮುಚ್ಚಳಗಳಿಗೇ ಮೀಸಲಾಗಿತ್ತು. ಇನ್ಸ್‌ಪೆಕ್ಟರರು ಅದರ ಮುಂದೆ ಕೈಕಟ್ಟಿ ನಿಂತು, ಆಮೇಲೆ ಒಂದೊಂದನ್ನೇ ಪರೀಕ್ಷೆಗೆ ಎಳೆದರು. ಅವರ ಪರೀಕ್ಷೆ ಸರಳವಾಗಿತ್ತು. ಬೀಗವನ್ನು ಹಾಕುವುದು, ತಾವೇ ತೆಗೆಯಲು ನೋಡುವುದು. ತೆಗೆದರೆ ಅದು ನಪಾಸು. ಮುದ್ದಾದ ಆನೆಮರಿಯ ಬೀಗ ಎರಡೇ ಎಳೆತಕ್ಕೆ ಬಾಯಿ ಬಿಟ್ಟಿತು. ನೀಲಿ ಪಟ್ಟಿಯದು ಸ್ವಲ್ಪ ಹೊತ್ತು ಹೋರಾಡಿ ಶರಣಾಯಿತು. ನಾನೇ ತೆಗೆಯಬಹುದಾದ ಬೀಗ ಅದೆಂಥ ಬೀಗ ಎಂದು ಅವರು ಅಂಗಡಿಯ ಹುಡುಗಿಯನ್ನು ವಿಚಾರಿಸಿಕೊಂಡರು. ಅವಳು ಒಳಗೆ ಹೋಗಿ ಬೇರೊಂದು ತಂದಳು. ಬೆಳ್ಳಗಿತ್ತು, ಸಪಾಟಾಗಿತ್ತು, ನೋಡಲು ಏನೂ ಇರಲಿಲ್ಲ. ಇನ್ಸ್‌ಪೆಕ್ಟರರು ಎಳೆದರು, ಒತ್ತಿದರು, ತಿರುಚಿದರು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಮ್ಮೆ ಕಚ್ಚಿದರು. ಜಪ್ಪಯ್ಯ ಎಂದರೂ ಅದು ಮಿಸುಕಲಿಲ್ಲ. ಅವರ ಕಣ್ಣಲ್ಲಿ ನೀರಾಡಿತು. ಬದುಕಿನಲ್ಲಿ ಮೊದಲ ಸಲ ನಂಬಬಹುದಾದ ವಸ್ತುವೊಂದು ಸಿಕ್ಕಿತ್ತು.

“ತೆಗೆಯೋದು ಹೇಗೆ ಅಂತ ತೋರಿಸ್ತೀನಿ ಸಾರ್” ಎಂದಳು ಹುಡುಗಿ.

“ಬೇಡಮ್ಮ. ಯಂತ್ರಗಳ ಜೊತೆ ನನಗೆ ದಿನಾ ಒಡನಾಟ” ಎಂದು ಇನ್ಸ್‌ಪೆಕ್ಟರರು ಅದೇ ಕಂಪನಿಯ ಬೀಗಗಳನ್ನು ಕಪಾಟು, ಡ್ರಾಯರು, ಫ್ರಿಜ್ಜು, ಕೊನೆಗೆ ಕಮೋಡಿನ ಮುಚ್ಚಳಕ್ಕೂ ಸೇರಿಸಿ ಕಟ್ಟಿಸಿಕೊಂಡರು. ಅಡುಗೆಮನೆಯ ಬಾಗಿಲಿಗೆಂದು ಸೊಂಟದೆತ್ತರದ ಒಂದು ಗೇಟನ್ನೂ ಕೊಂಡರು. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹಾಗಾಗಿ ಎರಡೂ ಕಡೆ ರಬ್ಬರಿನ ಪಾದಗಳಿಂದ ಗೋಡೆಗಳನ್ನು ಒತ್ತಿಕೊಂಡು ನಿಲ್ಲುವಂಥದ್ದು.

ಭಾನುವಾರ ಇಡೀ ದಿನ ಪ್ರತಿಷ್ಠಾಪನೆ ನಡೆಯಿತು. ಸಂಜೆಯ ಹೊತ್ತಿಗೆ ಮೇಜಿನ ಮೂಲೆಗಳು ಸ್ಪಂಜಿನ ಟೊಪ್ಪಿಗೆ ಹಾಕಿಕೊಂಡಿದ್ದವು, ಮುಂಬಾಗಿಲ ನೆತ್ತಿಯಲ್ಲಿ ಹೊಸ ಚಿಲಕ ಕೂತಿತ್ತು. ಬೀಗ ಹಾಕಿದ್ದಕ್ಕೇ ಇಷ್ಟು ಬೀಗಿದವರನ್ನು ಆ ಬೀದಿ ಕಂಡಿರಲಿಲ್ಲ. ಹೆಂಡತಿ ಅಮ್ಮನ ಜೊತೆ ಏನೋ ಮಾತಾಡುತ್ತಲೇ ಫ್ರಿಜ್ಜಿನ ಬೀಗಕ್ಕೆ ಎರಡು ಹೆಬ್ಬೆರಳಿಟ್ಟು ಏನೋ ಮಾಡಿದಳು, ಬಾಗಿಲು ತೆರೆದುಕೊಂಡಿತು. ಅತ್ತೆಯೂ ಗೊಣಗುತ್ತಲೇ ಗೇಟು ತೆಗೆದು ಹೋಗಿಬಂದು ಮಾಡಿದರು. ಇನ್ಸ್‌ಪೆಕ್ಟರರು ಮಾತ್ರ ಗೇಟನ್ನು ಉದ್ದ ಕಾಲೆತ್ತಿ ದಾಟುತ್ತಿದ್ದರು. ಅದು ವ್ಯಾಯಾಮಕ್ಕೆಂದು ಹೇಳಿದರು. (ಕಮೋಡಿನ ವಿಷಯದಲ್ಲಿ ಅವರೇನು ಮಾಡಿದರೆಂಬುದು ಸಭ್ಯರ ಮುಂದೆ ಹೇಳುವಂಥದ್ದಲ್ಲ. ಎದುರು ಮನೆಯವರು ಒಳ್ಳೆಯವರು.)

ಮಾರನೆಯ ದಿನ ಅವರು ರಜೆ ಹಾಕಿದರು. ಹೆಂಡತಿ ಹೆರಿಗೆ ರಜೆ ಮುಂದುವರಿಸಲು ಬ್ಯಾಂಕಿಗೆ ಹೋಗಿಬರಬೇಕಿತ್ತು. ಗೇಟಿಲ್ಲದ ಜಾಗ ಯಾವುದಾದರೂ ಸರಿ ಎಂದು ಅತ್ತೆಯೂ ಜೊತೆಗೆ ಹೊರಟರು. ಹಾಲಿನ ಬಾಟಲಿ ಫ್ರಿಜ್ಜಿನಲ್ಲಿದೆ, ಎದ್ದರೆ ಬಿಸಿನೀರಲ್ಲಿಟ್ಟು ಕೊಡಿ ಎಂದು ಹೆಂಡತಿ ಹೇಳಿದಳು. ಫ್ರಿಜ್ಜು ತೆಗೆಯಲು ಬರುತ್ತದಲ್ಲ ಎಂದೂ ಕೇಳಿದಳು. ಆ ಪ್ರಶ್ನೆಗೆ ಇನ್ಸ್‌ಪೆಕ್ಟರರು ನಕ್ಕರು. ಹೆಂಗಸರು ಹೋದ ಮೇಲೆ ಮುಂಬಾಗಿಲ ಹೊಸ ಚಿಲಕವನ್ನೂ ಭದ್ರವಾಗಿ ಹಾಕಿದರು.

ಹಜಾರದ ನೆಲದ ಹಾಸಿಗೆಯಲ್ಲಿ ಮಲಗಿದ್ದ ಮಗು ಸ್ವಲ್ಪ ಹೊತ್ತಿಗೇ ಎದ್ದಿತು. ಮೊದಲು ಕುಂಯ್ ಎಂದಿತು, ಆಮೇಲೆ ರಾಗ ತೆಗೆಯಿತು. ಇನ್ಸ್‌ಪೆಕ್ಟರರು ಗೇಟು ದಾಟಿ ಅಡುಗೆಮನೆಗೆ ಇಳಿದರು. ಇಳಿದರು ಎನ್ನುವುದೇ ಸರಿ, ಯಾಕೆಂದರೆ ಅಡುಗೆಮನೆಯ ನೆಲ ಹಜಾರಕ್ಕಿಂತ ಒಂದು ಮೆಟ್ಟಿಲು ತಗ್ಗಿನಲ್ಲಿತ್ತು. ಫ್ರಿಜ್ಜಿನ ಬೀಗಕ್ಕೆ ಹೆಂಡತಿಯಂತೆಯೇ ಎರಡು ಹೆಬ್ಬೆರಳಿಟ್ಟರು. ಏನೂ ಆಗಲಿಲ್ಲ. ಮೇಲಕ್ಕೆಳೆದರು, ಕೆಳಕ್ಕೆಳೆದರು, ಫ್ರಿಜ್ಜೇ ಅರ್ಧ ಗೇಣು ಮುಂದೆ ಬಂತೇ ಹೊರತು ಬಾಗಿಲು ಬರಲಿಲ್ಲ. ಬೀಗ ಕತ್ತರಿಸಲು ಚಾಕು ಬೇಕಿತ್ತು. ಚಾಕು ಡ್ರಾಯರಿನಲ್ಲಿತ್ತು. ಡ್ರಾಯರಿಗೂ ಅದೇ ಬೀಗ.

ಹಜಾರದಲ್ಲಿ ಅಳು ತಾರಕಕ್ಕೇರಿತು. ಆ ಪುಟ್ಟ ಹೊಟ್ಟೆಯ ಹಸಿವು ಕೇಳಿಸಿಕೊಳ್ಳುತ್ತ ಇನ್ಸ್‌ಪೆಕ್ಟರರು ಜೇಬಿನಿಂದ ಫೋನ್ ತೆಗೆದರು. ಹೆಂಡತಿಗೆ ಫೋನ್ ಮಾಡಲು ಮಾನ ಅಡ್ಡ ಬಂತು. ಅಂಗಡಿಗೆ ಮಾಡಿದರು. ಅದೇ ಹುಡುಗಿ ಎತ್ತಿದಳು. ನಿಮ್ಮ ಬೀಗ ತೆಗೆಯಲು ಬರುತ್ತಿಲ್ಲ, ಒಳಗೆ ಹಾಲಿದೆ, ಬೇಗ ಹೇಳಿ ಎಂದು ಇವರು ಗದ್ಗದ ಕಂಠದಲ್ಲಿ ಅರಿಕೆ ಮಾಡಿಕೊಂಡರು. ಹಿಂದೆ ಮಗುವಿನ ಅಳು ಬೇರೆ ಕೇಳಿಸುತ್ತಿತ್ತು.

“ಹೆದರ್ಬೇಡ ಪುಟ್ಟ” ಎಂದಳು ಹುಡುಗಿ, ತುಂಬ ಮೃದುವಾಗಿ. “ಮನೇಲಿ ದೊಡ್ಡವರು ಯಾರೂ ಇಲ್ವಾ?”

ಇನ್ಸ್‌ಪೆಕ್ಟರರು ಒಂದು ಕ್ಷಣ ಯೋಚಿಸಿದರು. ಇಲ್ಲ ಎಂದು ಹೇಳಿ ಫೋನ್ ಇಟ್ಟರು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಸದ್ದಾಯಿತು. ಹೋದವರು ಬಂದಿದ್ದರು. ಬೀಗದ ಕೈ ತಿರುಗಿತು, ಆದರೆ ಮೇಲಿನ ಚಿಲಕ ಬಿಡಲಿಲ್ಲ. ಒಳಗೆ ಮಗು ಅಳುತ್ತಿದೆ, ಹೊರಗೆ ತಾಯಿ ಬಾಗಿಲು ಬಡಿಯುತ್ತಿದ್ದಾಳೆ. ಗೇಟು ದಾಟಲು ಇನ್ಸ್‌ಪೆಕ್ಟರರು ಓಡಿಬಂದು ಎಂದಿನಂತೆ ಕಾಲೆತ್ತಿದರು. ಆದರೆ ಈ ಕಡೆಯಿಂದ ಗೇಟು ಒಂದು ಮೆಟ್ಟಿಲಿನಷ್ಟು ಎತ್ತರ. ಹಿಂದಿನ ದಿನ ಅವಸರವಿಲ್ಲದ್ದರಿಂದ ಹೇಗೋ ನಡೆದಿತ್ತು. ಈಗ ಒಂದು ಕಾಲು ಹಜಾರಕ್ಕೆ ಹೋಯಿತು, ಇನ್ನೊಂದು ಅಡುಗೆಮನೆಯಲ್ಲೇ ಉಳಿಯಿತು, ಇನ್ಸ್‌ಪೆಕ್ಟರರು ಕುದುರೆ ಏರಿದಂತೆ ಗೇಟಿನ ಮೇಲೆ ಕೂತರು. ಗೇಟು ಮೊದಲು ಕಿರ್ರೆಂದಿತು. ಆಮೇಲೆ ರಬ್ಬರಿನ ಪಾದಗಳು ಒಂದೊಂದಾಗಿ ಗೋಡೆಯ ಸಂಗ ಬಿಟ್ಟವು. ಸವಾರನನ್ನು ಹೊತ್ತುಕೊಂಡೇ ಅದು ಹಜಾರಕ್ಕೆ ಧೊಪ್ಪೆಂದು ಉರುಳಿತು. ಇಡೀ ಮನೆಯಲ್ಲಿ ಸ್ಪಂಜು ಹಚ್ಚದೆ ಉಳಿದಿದ್ದ ಒಂದೇ ವಸ್ತುವೆಂದರೆ ಆ ಗೇಟು, ಇನ್ಸ್‌ಪೆಕ್ಟರರ ಗದ್ದ ಬಿದ್ದದ್ದು ಅದರ ಮೇಲೆಯೇ.

ಮನೆ ನಿಶ್ಶಬ್ದವಾಯಿತು. ಅಳು ನಿಂತಿತ್ತು. ಮಗುವಿಗೇನಾಯಿತೋ ಎಂದು ಇನ್ಸ್‌ಪೆಕ್ಟರರು ಬಿದ್ದಲ್ಲಿಂದಲೇ ಗಾಬರಿಯಿಂದ ತಲೆಯೆತ್ತಿದರು. ಮಗು ಕತ್ತು ಹೊರಳಿಸಿ, ಒದ್ದೆ ಕಣ್ಣುಗಳನ್ನು ಅಗಲಿಸಿ ಅಪ್ಪನನ್ನೇ ನೋಡುತ್ತಿತ್ತು. ಅದರ ಬೊಚ್ಚು ಬಾಯಿ ನಿಧಾನವಾಗಿ ಅಗಲವಾಯಿತು. ಹೊಟ್ಟೆ ಕುಲುಕಿತು. ಆಮೇಲೆ ಯಾವ ಜನ್ಮದಲ್ಲೂ ಕೇಳದಂಥ ಒಂದು ಗುಳುಗುಳು ಸದ್ದು ಹೊರಟು ಕೋಣೆಯೆಲ್ಲ ತುಂಬಿತು. ಅದುವರೆಗೆ ಬರಿದೇ ತುಟಿ ಅರಳಿಸುತ್ತಿದ್ದ ಕೂಸು ಮೊಟ್ಟಮೊದಲ ಬಾರಿಗೆ ದನಿ ತೆಗೆದು ನಗುತ್ತಿತ್ತು.

ಇನ್ಸ್‌ಪೆಕ್ಟರರು ಕುಂಟುತ್ತ ಹೋಗಿ ಚಿಲಕ ತೆಗೆದರು. ಬೈಯಲೆಂದು ಬಾಯಿ ತೆರೆದಿದ್ದ ಹೆಂಡತಿ, ಪಾಪು ನಕ್ಕಿತು ಎಂಬ ಮಾತು ಕೇಳಿ ಹಾಗೇ ನಿಂತಳು. ಏನು ಮಾಡಿದಿರಿ ಎಂದು ಕೇಳಿದಳು. ಬಿದ್ದೆ ಎಂದರು ಇವರು. ಹೆಂಡತಿ ಒಳಗೆ ಹೋಗಿ ಮಗುವಿಗೆ ಹಾಲೂಡಿಸಿ, ತೇಗಿಸಿ, ತೊಡೆಯ ಮೇಲೆ ಕೂರಿಸಿಕೊಂಡಳು. ಅವಳ ಕಣ್ಣು ತುಂಬಿತ್ತು.

“ನಾನು ನೋಡ್ಲೇ ಇಲ್ಲ” ಎಂದಳು. “ಇನ್ನೊಂದ್ಸಲ ಬೀಳ್ರೀ.”

ಗದ್ದಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದ ಇನ್ಸ್‌ಪೆಕ್ಟರರು ಹೆಂಡತಿಯ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಗೇಟನ್ನು ಎತ್ತಿ ನಿಲ್ಲಿಸಿದರು. ಎರಡು ದಿಂಬು ಹಾಸಿಕೊಂಡು ಮರ್ಯಾದೆಯಾಗಿ, ನೋಯದಂತೆ ಬಿದ್ದರು. ಮಗು ಗಂಭೀರವಾಗಿ ನೋಡಿ ಆಕಳಿಸಿತು.

“ದಿಂಬು ತೆಗೀರಿ ಅಳಿಯಂದ್ರೇ” ಎಂದರು ಅತ್ತೆ. “ಮಗೂಗೆ ಎಲ್ಲಾ ಗೊತ್ತಾಗತ್ತೆ.”

ದಿಂಬು ತೆಗೆದು ಬಿದ್ದಾಗ ಮಗು ಬಿದ್ದು ಬಿದ್ದು ನಕ್ಕಿತು.

ಕಪಾಟು, ಡ್ರಾಯರು, ಫ್ರಿಜ್ಜುಗಳ ಬೀಗಗಳನ್ನೆಲ್ಲ ಹೆಂಡತಿ ಆ ವಾರವೇ ಬಿಚ್ಚಿಟ್ಟಳು. ಗೇಟನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ. ಇನ್ಸ್‌ಪೆಕ್ಟರರು ಈಗಲೂ ದಿನವಿಡೀ ಊರಿನವರ ಪ್ರಾಣರಕ್ಷಣೆ ಮಾಡಿ, ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಅಂಗಿ ಬದಲಾಯಿಸಿ ಒಂದು ಸಲ ಬೀಳುತ್ತಾರೆ. ಎದುರು ಮನೆಯವರೂ ಆ ಹೊತ್ತಿಗೆ ಬಂದು, ತಮ್ಮ ಕುರ್ಚಿಗಳನ್ನು ತಾವೇ ಎಳೆದುಕೊಂಡು ಕೂರುತ್ತಾರೆ.