ಬಣ್ಣ ಮಾತ್ರ ಮುಟ್ಟಬೇಡಿ

ಹೊಸ ಸೈಕಲ್ ಕೊಂಡವನನ್ನು ಜನ ಎಷ್ಟಕ್ಕೆ ಬಿತ್ತು ಎಂದು ಕೇಳಿ ಸುಮ್ಮನಾಗುತ್ತಾರೆ. ಹಳೆಯ ಮೌಂಟೇನ್ ಬೈಕ್ ಕೊಂಡವನನ್ನು ಮಾತ್ರ ಯಾರೂ ಸುಮ್ಮನೆ ಬಿಡುವುದಿಲ್ಲ. ಅವನಿಗೆ ಬುದ್ಧಿ ಹೇಳುವ ಹಕ್ಕು ಊರಿಗೆಲ್ಲ ಹುಟ್ಟಿನಿಂದಲೇ ಬಂದಿರುತ್ತದೆ. ನಾಸಿಕ್‌ನಲ್ಲಿ ಇಷ್ಟು ವರ್ಷ ನೆಮ್ಮದಿಯಾಗಿದ್ದ ನನಗೆ ಈ ಒಂದು ಸೈಕಲ್ ಮನೆಗೆ ಬಂದ ಮೇಲೆ ಆಗಬಾರದ್ದೆಲ್ಲ ಆಗಿದೆ, ಇನ್ನೂ ಆಗುತ್ತಲೇ ಇದೆ.

ನಾನು ಬೀದರ್ ಕಡೆಯವನು. ನಾಸಿಕ್ ಪಕ್ಕದ ಸಿನ್ನರ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ. ಬಣ್ಣ ಹಚ್ಚಿ ಬಂದ ಬಿಡಿಭಾಗಗಳನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿ, ಗೆರೆ ಬಿದ್ದಿದ್ದರೆ ವಾಪಸ್ ಕಳಿಸಬೇಕು. ಇಂಥ ಕೆಲಸದಲ್ಲಿ ಮನುಷ್ಯ ಕೆಟ್ಟುಹೋಗುತ್ತಾನೆ. ಮದುವೆಮನೆಗೆ ಹೋದರೂ ಮದುಮಕ್ಕಳನ್ನು ಬಿಟ್ಟು ಗೋಡೆಯ ಬಣ್ಣ ನೋಡುತ್ತಾನೆ.

ಹೆಂಡತಿಯ ತವರು ಛತ್ರಪತಿ ಸಂಭಾಜಿನಗರ. ಮಾವ ಕಲಬುರಗಿಯಿಂದ ಬಂದು ಅಲ್ಲಿ ಸೀರೆ ಅಂಗಡಿ ಇಟ್ಟವರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬಂದಿಲ್ಲ. ಕೆಟ್ಟ ಮಾತೂ ಬಂದಿಲ್ಲ, ಸುಳ್ಳು ಯಾಕೆ ಹೇಳಲಿ. ಅಳಿಯ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ, "ನೌಕರಿ ಅದ ಅವರಿಗಿ," ಎನ್ನುತ್ತಾರೆ. ಬೇರೆಯವರು "ಸಕ್ಕರೆ ಕಾಯಿಲೆ ಇದೆ" ಎನ್ನುವುದು ಇದೇ ಧಾಟಿಯಲ್ಲಿ. ಇವರ ಬಾಯಿಂದ ಒಮ್ಮೆ, ಒಂದೇ ಒಂದು ಸಲ, "ಭೇಷ್" ಅನ್ನಿಸಿಕೊಳ್ಳಬೇಕೆಂಬ ಚಪಲ ನನಗೆ ಬಹಳ ದಿನಗಳದು.

ಗಾದಿಯ ಕೆಳಗಿನ ರತ್ನ

ಸೈಕಲ್ ಸಿಕ್ಕಿದ್ದೂ ಮಾವನ ಊರಿನಲ್ಲೇ. ಮೊಬೈಲಿನಲ್ಲಿ ಜಾಹೀರಾತು ನೋಡಿ ಹೋದೆ. ನಿವೃತ್ತ ಯಜಮಾನರೊಬ್ಬರು ತಾರಸಿಗೆ ಕರೆದುಕೊಂಡು ಹೋಗಿ, ಒಂದು ದಪ್ಪ ಗಾದಿ ಎತ್ತಿದರು. ಕೆಳಗೆ ಉಕ್ಕಿನ ಫ್ರೇಮಿನ ಹಳೆಯ ಮೌಂಟೇನ್ ಬೈಕ್! ಮಗ ಕಾಲೇಜಿನಲ್ಲಿದ್ದಾಗ ತಂದದ್ದಂತೆ. ಚೈನಿಗೆ ತುಕ್ಕು, ಟೈರು ಪುಡಿಪುಡಿ. ಆದರೆ ಬಣ್ಣ? ನೇರಳೆಯಿಂದ ನಿಧಾನಕ್ಕೆ ನೀಲಿಗೆ ಇಳಿಯುವ, ಕಂಪನಿಯವರೇ ಹಚ್ಚಿದ ಬಣ್ಣ. ಮೇಲೆ ಅಂದಿನ ಹಳದಿ ಸ್ಟಿಕ್ಕರುಗಳು ಒಂದೂ ಕಿತ್ತಿರಲಿಲ್ಲ. ನಾನು ಚೌಕಾಸಿ ಮಾಡುವುದನ್ನೇ ಮರೆತೆ.

ಅಷ್ಟರಲ್ಲಿ ಯಜಮಾನರ ಹೆಂಡತಿ ಮೇಲೆ ಬಂದರು. "ಇದನ್ನು ಕೊಟ್ಟರೆ ನಾನು ಗಾದಿ ಎಲ್ಲಿ ಒಣಗಿಸಲಿ?" ಎಂದು ಮರಾಠಿಯಲ್ಲಿ ಜೋರು ಮಾಡಿದರು. ಯಜಮಾನರು ಆಕಾಶ ನೋಡತೊಡಗಿದರು. ಕೊನೆಗೆ ನಾನು ಪೇಟೆಗೆ ಹೋಗಿ, ಬಟ್ಟೆ ಒಣಗಿಸುವ ಹೊಸ ಸ್ಟೀಲ್ ಸ್ಟ್ಯಾಂಡ್ ತಂದು, ತಾರಸಿಯಲ್ಲಿ ಜೋಡಿಸಿ, ಗಾದಿಯನ್ನು ಅದರ ಮೇಲೆ ನಾನೇ ಹಾಕಿ ತೋರಿಸಿದ ಮೇಲೆ ಸೈಕಲ್ ನನ್ನ ಕೈಗೆ ಬಂತು.

ತಳ್ಳಿಕೊಂಡು ಮಾವನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಮಾವ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರು.

"ಅಳಿಯಾರ, ಆ ಸ್ಟ್ಯಾಂಡ್ ಹೊಸಾದಿತ್ತಲ್ಲ? ಅದನ್ನ ಇಟ್ಕೋಬೇಕಿತ್ರಿ."

ನನಗೆ ರೋಷ ಬಂತು. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು, ಅಕ್ಕಿ-ಬೆಲ್ಲದ ಸಿಹಿ ಅನಾರಸ ಮಾಡಿ ಊಟಕ್ಕೆ ಹಾಕಿ, ಉಡುಗೊರೆ ಕೊಡುವುದು ಈ ಕಡೆಯ ಪದ್ಧತಿ. ನಮ್ಮ ಅತ್ತೆಯೂ ಕಲಿತಿದ್ದಾರೆ. "ನೋಡ್ತಿರ್ರಿ ಮಾವಾರ," ಎಂದೆ. "ಇದನ್ನ ರಿಪೇರಿ ಮಾಡಿ, ಬರೂ ಅಧಿಕ ಮಾಸದ ಊಟಕ್ಕ ನಾಸಿಕ್‌ಲಿಂದ ಇದರ ಮ್ಯಾಲೇ ಬರ್ತೀನಿ. ಎಲ್ಲಾ ಬದಲಿ ಮಾಡ್ತೀನಿ, ಖರೆ ಬಣ್ಣಾ ಮಾತ್ರ ಮುಟ್ಟೂದಿಲ್ಲ. ಕಂಪನಿ ಬಣ್ಣಾ ಹಿಂಗೇ ಇರಬೇಕು."

ಮಾವ ಶಾಂತವಾಗಿ ಹೇಳಿದರು: "ಬಸ್ ಅದಾವಲ್ರಿ."

ನಮ್ಮ ಕಡೆಯ ಉಪ್ಪಿನಕಾಯಿ

ಸೈಕಲ್ ನಾಸಿಕ್‌ನ ಮನೆಗೆ ಬಂತು. ತುಕ್ಕು ಹಿಡಿದ ಚೈನು, ಗೇರಿನ ಹಲ್ಲುಚಕ್ರಗಳನ್ನು ಡೀಸೆಲ್‌ನಲ್ಲಿ ನೆನೆಹಾಕಬೇಕಿತ್ತು. ಅಡುಗೆಮನೆಯ ಪಾತ್ರೆ ಮುಟ್ಟಿದರೆ ತವರಿಗೆ ಹೋಗುತ್ತೇನೆ ಎಂದು ಹೆಂಡತಿ ಮೊದಲೇ ಹೇಳಿದ್ದಳು. ಬಹಳ ಕಾಡಿ ಬೇಡಿದ ಮೇಲೆ ಬಾಯಿ ಒಡೆದ ಒಂದು ಹಳೆಯ ಭರಣಿ ಕೊಟ್ಟಳು. ಎಲ್ಲ ಅದರೊಳಗೆ ಹಾಕಿ, ಕಸ ಬೀಳದಂತೆ ಬಿಳಿ ಬಟ್ಟೆ ಕಟ್ಟಿ, ವಾಸನೆ ಮನೆಯೊಳಗೆ ಬರಬಾರದೆಂದು ಹೊರಗೆ ಗ್ಯಾಲರಿಯ, ಅಂದರೆ ಬಾಲ್ಕನಿಯ, ಬಿಸಿಲಿನಲ್ಲಿಟ್ಟು, ಮನ್ಮಾಡ್‌ನ ನೆಂಟರ ಮನೆಗೆ ಹೋದೆವು.

ನಮ್ಮ ಗ್ಯಾಲರಿಗೂ ಎಲ್ಲರೂ ಕಾಕು (ಚಿಕ್ಕಮ್ಮ) ಎನ್ನುವ ಪಕ್ಕದ ಮನೆಯ ಮರಾಠಿ ಹೆಂಗಸಿನ ಗ್ಯಾಲರಿಗೂ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಒಬ್ಬರು ಊರಲ್ಲಿಲ್ಲದಾಗ ಇನ್ನೊಬ್ಬರು ಅವರ ಹಪ್ಪಳ ತಿರುವಿ ಹಾಕುವುದು, ಉಪ್ಪಿನಕಾಯಿ ಕಲಕುವುದು ನಮ್ಮ ಕಟ್ಟಡದ ಸಂಪ್ರದಾಯ. ಕಾಕು ಅದರಲ್ಲಿ ಎಂದೂ ತಪ್ಪಿದವರಲ್ಲ.

ನಾವು ಮರಳಿ ಬಂದಾಗ ಕಾಕು ಹೆಂಡತಿಯನ್ನು ಮೂಲೆಗೆ ಕರೆದು, ಬೇರೆಯವರಿಗೆ ಕೇಳಿಸಬಾರದು ಎಂಬಂತೆ ಹೇಳಿದರು: "ದಿನಾ ಕಲಕಿದ್ದೀನಮ್ಮಾ. ಉಪ್ಪು ಕಮ್ಮಿ ಕಂಡಿತು, ಎರಡು ಮುಷ್ಟಿ ಹಾಕಿದ್ದೀನಿ. ವಾಸನೆ ಸ್ವಲ್ಪ ಬೇರೆ ಇದೆ, ನಿಮ್ಮ ಕರ್ನಾಟಕದ ಕಡೆ ಹಾಗೇ ಇರಬೇಕು. ಆದರೆ ಹೋಳು ಇನ್ನೂ ಬಹಳ ಗಟ್ಟಿ."

ತುಕ್ಕು ಬಿಡಿಸಲು ಇಟ್ಟ ಕಬ್ಬಿಣಕ್ಕೆ ಎರಡು ಮುಷ್ಟಿ ಉಪ್ಪು! ಹಳೆಯ ಚೈನು ಬಿಸಾಡಿ ಹೊಸದನ್ನೇ ತರಬೇಕಾಯಿತು. ನಿಜ ಹೇಳಿದರೆ ಕಾಕು ನೊಂದುಕೊಳ್ಳುತ್ತಾರೆಂದು ಹೆಂಡತಿ ಏನೂ ಹೇಳಲಿಲ್ಲ. ಯಾರ ಮನೆಯ ಉಪ್ಪಿನಕಾಯಿಯನ್ನೂ ರುಚಿ ನೋಡದೆ ಬಿಡದ ಕಾಕು, ನಮ್ಮ ಮನೆಯದನ್ನು ಮಾತ್ರ ಇವತ್ತಿನವರೆಗೂ ಕೇಳಿಲ್ಲ.

ಕೂಗುವ ಕೆಲಸ

ಹೊಸ ಬ್ರೇಕು, ಹೊಸ ಗೇರ್ ಕಟ್ಟಿಸಲು ಹಳೇ ನಾಸಿಕ್‌ನ ಒಬ್ಬ ಸೈಕಲ್ ಮಿಸ್ತ್ರಿಯ ಹತ್ತಿರ ಒಯ್ದೆ. ತನಗೆ ತಿಳಿಯದ ಸೈಕಲ್ ಇನ್ನೂ ಹುಟ್ಟಿಲ್ಲ ಎಂಬುದು ಅವನ ನಂಬಿಕೆ. ನೋಡಿದವನೇ ತೀರ್ಪು ಕೊಟ್ಟ: "ಸಾಹೇಬ್, ಅಪ್‌ಗ್ರೇಡ್ ಬೇಕಲ್ಲ? ಮೊದಲು ಈ ಗೇರೆಲ್ಲ ತೆಗೆದು ಬಿಸಾಕೋಣ. ಗೇರಿದ್ದರೆ ತಾನೇ ಕೆಡೋದು?"

ಇದೇ ತರ್ಕದಲ್ಲಿ ಮುಂದೆ ಹೋದರೆ ಸೈಕಲ್ಲನ್ನೇ ತೆಗೆದುಹಾಕುತ್ತಾನೆಂದು ಹೆದರಿ, ಹೇಳಿದಷ್ಟು ಮಾಡು ಮಾರಾಯಾ ಎಂದೆ. ಅವನು ಸುತ್ತಿಗೆ ಎತ್ತಿದ. "ಬಣ್ಣ!" ಎಂದು ಕೂಗಿದೆ. ಸುತ್ತಿಗೆ ಇಟ್ಟು ನಟ್ಟು ತಿರುಗಿಸುವ ಪಾನಾ ಎತ್ತಿದ. "ಬಣ್ಣ, ಬಣ್ಣ!" ಎಂದೆ. ಒರೆಸಲು ಬಟ್ಟೆ ತೆಗೆದುಕೊಂಡ. ಅದರಲ್ಲಿ ಮರಳಿತ್ತು, ಅದಕ್ಕೂ ಕೂಗಿದೆ.

ಅವನು ಎದ್ದು ನಿಂತು ಪಾನಾವನ್ನು ನನ್ನ ಕೈಗಿಟ್ಟ. "ನೀವು ಕೂತು ಮಾಡಿ ಸಾಹೇಬ್. ನಾನು ನಿಂತು ಕೂಗುತ್ತೇನೆ."

ಕೂಗಿದ ಕೂಡ, ನನಗಿಂತ ಚೆನ್ನಾಗಿ. ಸಂಜೆಯವರೆಗೆ ಅವನ ಅಂಗಡಿಯ ನೆಲದ ಮೇಲೆ ಕೂತು ನಾನೇ ಬ್ರೇಕ್ ಕಟ್ಟಿದೆ. ನಡುವೆ ಇಬ್ಬರು ಗಿರಾಕಿಗಳು ಬಂದು ನನ್ನಿಂದ ಗಾಳಿ ಹಾಕಿಸಿಕೊಂಡು ಹೋದರು. ಅವರಲ್ಲೊಬ್ಬ, ಹೊಸ ಆಳು ಸ್ವಲ್ಪ ನಿಧಾನ ಎಂದು ಮಿಸ್ತ್ರಿಗೆ ದೂರು ಹೇಳಿಯೇ ಹೋದ.

ತಜ್ಞರ ಸವಾರಿ

ಹಳೆಯ ಸೈಕಲ್ ಪ್ರೇಮಿಗಳದೊಂದು ವಾಟ್ಸಾಪ್ ಬಳಗವಿದೆ. ಎಲ್ಲರೂ ಘಟಾನುಘಟಿಗಳು. ಯಾವ ಟೈರ್ ಹಾಕಲಿ ಎಂದು ಸುಮ್ಮನೆ ಒಂದು ಪ್ರಶ್ನೆ ಕೇಳಿದೆ. ಉಕ್ಕು ಮೇಲೋ ಅಲ್ಯೂಮಿನಿಯಂ ಮೇಲೋ ಎಂದು ವಾರವಿಡೀ ಯುದ್ಧ ನಡೆಯಿತು. ಇಬ್ಬರು ಸಿಟ್ಟಾಗಿ ಬಳಗ ಬಿಟ್ಟರು, ಒಬ್ಬರು ಕ್ಷಮೆ ಕೇಳಿ ಮತ್ತೆ ಸೇರಿದರು. ಟೈರ್ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಆಮೇಲೆ ಒಂದು ಭಾನುವಾರ ಪಾಂಡವಲೇಣಿ ಗುಡ್ಡದ ಕಡೆ ಸವಾರಿ ಎಂದು ಘೋಷಣೆಯಾಯಿತು. ನಾನು ಬೆವರು ಸುರಿಸುತ್ತ ತುಳಿದುಕೊಂಡು ಹೋದೆ. ಉಳಿದವರೆಲ್ಲ ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಬಂದಿದ್ದರು. ಇಳಿಸಿದರು, ಸಾಲಾಗಿ ನಿಲ್ಲಿಸಿದರು, ಮೈ ಒರೆಸಿದರು, ಫೋಟೋ ತೆಗೆದರು. ಸವಾರಿ ಯಾವಾಗ ಎಂದು ಕೇಳಿದೆ.

ಬಳಗದ ಮುಖಂಡರು ನನ್ನ ಕಡೆ ಕನಿಕರದಿಂದ ನೋಡಿದರು. "ಧೂಳು ಕೂರುತ್ತದಲ್ಲ!"

ಸೈಕಲ್ಲುಗಳನ್ನು ಮತ್ತೆ ಕಾರಿಗೇರಿಸಿ ಎಲ್ಲರೂ ಮಿಸಳ್-ಪಾವ್ ತಿನ್ನಲು ಹೋದೆವು. ಆ ದಿನದ ಸವಾರಿಯಲ್ಲಿ ಚುರುಕಾಗಿ ಓಡಾಡಿದ್ದು ಪಾವ್ ತಟ್ಟೆಯೊಂದೇ. ಅವರನ್ನು ನೋಡಿ ನಾನು ನಕ್ಕೆ. ಆದರೆ ಮನೆಗೆ ಬಂದು ನೇರಳೆ ಬಣ್ಣದ ಮೇಲೆ ಕೂತ ಧೂಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯುತ್ತ ಕೂತಾಗ, ಹೆಂಡತಿ ನನ್ನನ್ನು ನೋಡಿ ನಕ್ಕಳು.

ಅಳಿಯನ ಮರ್ಯಾದೆ

ಅಧಿಕ ಶ್ರಾವಣ ಬಂತು. ಹೆಂಡತಿ ಬಸ್ಸಿನಲ್ಲಿ, ನಾನು ಸೈಕಲ್ಲಿನಲ್ಲಿ ಹೊರಟೆವು. ಯೇವಲಾದ ಗೆಳೆಯನ ಮನೆಯಲ್ಲಿ ರಾತ್ರಿ ತಂಗಿ, ಮಳೆಯಲ್ಲಿ ನೆನೆದು, ಲಾರಿಗಳು ಎರಚಿದ ರಾಡಿ ಮೆತ್ತಿಕೊಂಡು, ಮರುದಿನ ಸಂಜೆ ಮಾವನ ಓಣಿಗೆ ಬಂದು ಮುಟ್ಟಿದೆ. ಎದೆ ಉಬ್ಬಿತ್ತು. ಮಾತು ಉಳಿಸಿಕೊಂಡಿದ್ದೆ!

ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಓಣಿಯ ಹೆಂಗಸರೂ ಸೇರಿದ್ದರು. ಅವರಲ್ಲೊಬ್ಬರು ಪಿಸುಗುಟ್ಟಿದ್ದು ಓಣಿಗೆಲ್ಲ ಕೇಳಿಸಿತು: "ಇವರ ಅಳಿಯ ಜಾವಾಯಿಬಾಪು ಸೈಕಲ್ ಮೇಲೆ ಬಂದರಲ್ಲ, ಪಾಪ! ನೌಕರಿ ಹೋಯಿತೇನು?" ಮಾವನ ಮುಖ ಸಣ್ಣದಾಯಿತು. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು, ನನ್ನನ್ನೂ ಹಾಗೇ ನೋಡಿದರು.

ಮರುದಿನ ಅನಾರಸದ ಊಟ. ಅದರ ಮರುದಿನ ಅತ್ತೆ, ನಾನು, ಹೆಂಡತಿ ಜೀಪಿನಲ್ಲಿ ಹತ್ತಿರದ ವೇರೂಳದ ಘೃಷ್ಣೇಶ್ವರನ ದರ್ಶನಕ್ಕೆ ಹೋದೆವು. ಅಂಗಡಿಯಲ್ಲಿ ಕೆಲಸವಿದೆ ಎಂದು ಮಾವ ಬರಲಿಲ್ಲ. ಸಂಜೆ ನಾವು ಬಂದಾಗ ಅವರು ಅಂಗಳದಲ್ಲಿ ಹೊಸ ಶರ್ಟು ಹಾಕಿಕೊಂಡು ನಿಂತಿದ್ದರು. ಪಕ್ಕದಲ್ಲಿ ಹೂವಿನ ಹಾರ ಹಾಕಿದ ಒಂದು ಹಸಿರು ಸೈಕಲ್.

"ಬರ್ರಿ ಅಳಿಯಾರ, ಅಧಿಕ ಮಾಸದ ಉಡುಗೊರೆ!"

ಯಾರ ಸೈಕಲ್ ಎಂದು ನಗುತ್ತ ಹತ್ತಿರ ಹೋದೆ. ನಾನು ಕಟ್ಟಿದ ಬ್ರೇಕು ಕಂಡಿತು. ಅದು ನನ್ನದೇ ಸೈಕಲ್! ಅಂಗಡಿಯ ಷಟರಿಗೆ ಹಚ್ಚಿ ಉಳಿದ ಹಸಿರು ಆಯಿಲ್ ಪೇಂಟು. ಸ್ಟ್ಯಾಂಡು, ಮಡ್‌ಗಾರ್ಡು, ದೊಡ್ಡ ಕ್ಯಾರಿಯರ್. ಫ್ರೇಮಿನ ನಡುವಿನ ಖಾಲಿ ಜಾಗ ಹಾಳಾಗಬಾರದೆಂದು ಅಲ್ಲೊಂದು ತಗಡಿನ ಬೋರ್ಡು. ಅದರ ಮೇಲೆ ಮರಾಠಿಯಲ್ಲಿ ಮಾವನ ಅಂಗಡಿಯ ಹೆಸರು, ಕೆಳಗೆ: ಸೀರೆ, ಬ್ಲೌಸ್ ಪೀಸ್, ಫಾಲ್-ಪಿಕೊ. ಫಾಲ್-ಪಿಕೊ ಅಂದರೆ ಸೀರೆಯ ಅಂಚಿಗೆ ಪಟ್ಟಿ ಕೊಟ್ಟು ಹೊಲಿಯುವ ಕೆಲಸ.

"ಮಾವಾರ... ಸ್ಟಿಕ್ಕರ್ ಎಲ್ಲಿ?"

"ಭಾಳ ಹೊಲಸಾಗಿದ್ವು. ಉಪ್ಪುಕಾಗದ ಹಾಕಿ ತಿಕ್ಕಿಸಿದೆ, ಒಂದೂ ಬಿಟ್ಟಿಲ್ಲ."

"ಬಣ್ಣಾ ಮುಟ್ಟೂದಿಲ್ಲಂತ ಹೇಳಿದ್ದೆನಲ್ರಿ!"

ಮಾವ ನನ್ನ ಹೆಗಲ ಮೇಲೆ ಕೈಯಿಟ್ಟರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ದನಿಯಲ್ಲಿ ಪ್ರೀತಿ ಇತ್ತು. "ಹೇಳಿದ್ರಿ. ನಂಗ ತಿಳಿಲಿಲ್ಲಂತ ತಿಳಿದ್ರೇನು? ಬಣ್ಣಾ ಹಚ್ಚಸ್ಲಿಕ್ಕ ಕೈಯಾಗ ರೊಕ್ಕಿಲ್ಲಂತ ಅಳಿಯಾದವ ಬಾಯಿ ಬಿಟ್ಟು ಹ್ಯಾಂಗ ಹೇಳ್ತಾನ? ನಾವದೀವಿ, ಕಾಳಜಿ ಮಾಡಬ್ಯಾಡ್ರಿ."

ನನಗೆ ನಿಜಕ್ಕೂ ಅಳು ಬಂತು. ಅದನ್ನು ನೋಡಿ ಮಾವನ ಕಣ್ಣೂ ಒದ್ದೆಯಾದವು, ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಅಧಿಕ ಮಾಸದ ಉಡುಗೊರೆಯನ್ನು ಬೇಡ ಅನ್ನುವ ಹಾಗಿಲ್ಲ. ಹೆಂಡತಿ ಮಾತ್ರ ನನ್ನ ಕಿವಿಯಲ್ಲಿ, "ಗೆರೀ ಬಿದ್ದದೇನು ನೋಡ್ರಿ, ವಾಪಸ್ ಕಳಸ್ರಿ," ಎಂದು ಉರಿಯುವ ಬೆಂಕಿಗೆ ತುಪ್ಪ ಹೊಯ್ದಳು.

ಮರುದಿನ ನಸುಕಿನಲ್ಲೇ ಹೊರಟೆ. ದಾರಿಯಲ್ಲಿ ಯಾರ ಮುಖವನ್ನೂ ನೋಡದೆ, ಹಸಿರು ಸೈಕಲ್ ತುಳಿಯುತ್ತ ಮಧ್ಯಾಹ್ನದ ಹೊತ್ತಿಗೆ ಯೇವಲಾ ಮುಟ್ಟಿದೆ. ಚಹಾ ಕುಡಿಯಲು ಇಳಿದೆ ಅಷ್ಟೆ. ಎದುರು ಮನೆಯ ಹೆಂಗಸು ಎರಡು ಸೀರೆ ಹಿಡಿದು ಓಡಿಬಂದಳು. "ಭಾವು, ಫಾಲ್-ಪಿಕೊ ಮಾಡಿ ಯಾವತ್ತು ಕೊಡ್ತೀರಿ?"

ನಾನು ಆ ಅಂಗಡಿಯವನಲ್ಲಮ್ಮಾ, ಇದು ಮೌಂಟೇನ್ ಬೈಕು, ಬಹಳ ಹಳೆಯದು, ಅಪರೂಪದ್ದು ಎಂದು ವಿವರಿಸತೊಡಗಿದೆ. "ಹಳೆಯದಿದ್ದರೇನು, ಕೆಲಸ ಚೆನ್ನಾಗಿದ್ದರೆ ಸಾಕು," ಎಂದು ಆಕೆ ಸೀರೆಗಳನ್ನು ಕ್ಯಾರಿಯರಿಗೆ ಸಿಕ್ಕಿಸಿಯೇ ಬಿಟ್ಟಳು. ಅದನ್ನು ಕಂಡು ಓಣಿಯ ಉಳಿದ ಹೆಂಗಸರೂ ಬಂದರು. ಚಹಾ ಆರುವಷ್ಟರಲ್ಲಿ ಕ್ಯಾರಿಯರ್ ತುಂಬಿತ್ತು.

ಬೇರೆ ದಾರಿ ಕಾಣದೆ ಮಾವನಿಗೆ ಫೋನ್ ಮಾಡಿದೆ. "ಮಾವಾರ, ಯೇವಲಾದಾಗ ಗಂಟುಗಟ್ಲೆ ಸೀರಿ ತಂದು ಹೇರ್ಯಾರ. ಏನ್ ಮಾಡ್ಲಿ?"

ಎಷ್ಟು ಸೀರೆ ಎಂದು ಮಾವ ಲೆಕ್ಕ ಕೇಳಿಕೊಂಡರು.

"ಭೇಷ್, ಅಳಿಯಾರ, ಭೇಷ್! ಈಗ ಸೈಕಲ್ ಹಿಂದಕ್ಕ ಹೊಳ್ಳಸ್ರಿ. ಅಂಗಡಿ ಮುಚ್ಚೂದ್ರಾಗ ತಂದು ಮುಟ್ಟಸ್ರಿ."